ಫ್ಲಾಸ್ಕ್ ಆ್ಯಪ್ ಶುರುವಿನಲ್ಲೇ ಬೀಳುವುದೇಕೆ?

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ತೋರಿಸುವ ನಿಮ್ಮ ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಸಲಕರಣೆ) ಆ್ಯಪ್ ‘ಪಾರ್ಷಿಯಲಿ ಇನಿಶಿಯಲೈಸ್ಡ್ ಮಾಡ್ಯೂಲ್’, ಅಂದರೆ ಪೂರ್ತಿ ಲೋಡ್ ಆಗದ ಫೈಲು, ಎಂಬ ಎರರ್ ಕೊಟ್ಟು ನಿಲ್ಲುತ್ತಿದೆ ಅಂದಿದ್ದೀರಿ. ಪೈಥಾನ್ ಫೈಲನ್ನು ಮೇಲಿನಿಂದ ಸಾಲುಸಾಲಾಗಿ ಓಡಿಸುತ್ತದೆ. ಆ್ಯಪ್ ಫೈಲಿನ 3ನೇ ಸಾಲು ಮಾಡೆಲ್ಸ್ ಫೈಲನ್ನು (ಟೇಬಲ್‌ಗಳ ವಿವರ ಇರುವ ಫೈಲು) ಇಂಪೋರ್ಟ್ ಮಾಡಿತು, ಅಂದರೆ ಕರೆಯಿತು ಅನ್ನಿ. ಮಾಡೆಲ್ಸ್ ತಿರುಗಿ ಆ್ಯಪ್ ಫೈಲಿನ ‘ಡಿಬಿ’ (ಡೇಟಾಬೇಸ್ ಜೊತೆ ವ್ಯವಹರಿಸುವ ಆಬ್ಜೆಕ್ಟ್) ಕೇಳಿತು. ಡಿಬಿ ಹುಟ್ಟುವುದೇ 10ನೇ ಸಾಲಿನಲ್ಲಿ, ಓಟ ಅಲ್ಲಿಗೆ ಇನ್ನೂ ಮುಟ್ಟಿಲ್ಲ.

ಡಿಬಿಯನ್ನು ‘ಎಕ್ಸ್‌ಟೆನ್ಶನ್ಸ್’ ಎಂಬ ಬೇರೆ ಫೈಲಿಗೆ ಒಯ್ಯಿರಿ. ಆ್ಯಪ್, ಮಾಡೆಲ್ಸ್ ಎರಡೂ ಡಿಬಿಯನ್ನು ಅಲ್ಲಿಂದಲೇ ತರಲಿ; ಆ ಫೈಲು ಮಾತ್ರ ನಿಮ್ಮ ಇನ್ಯಾವ ಫೈಲನ್ನೂ ಇಂಪೋರ್ಟ್ ಮಾಡಬಾರದು. ಆ್ಯಪ್ ಕಟ್ಟುವ ಕೆಲಸವೆಲ್ಲ ಒಂದು ಫಂಕ್ಷನ್ನಿನೊಳಗೆ ಇರಲಿ: ಮೊದಲು ಕಾನ್ಫಿಗ್ (ಸೆಟ್ಟಿಂಗ್‌ಗಳು), ನಂತರ ಡಿಬಿಯನ್ನು ಆ್ಯಪಿಗೆ ಜೋಡಿಸುವ ‘ಇನಿಟ್ ಆ್ಯಪ್’, ಆಮೇಲೆ ಬ್ಲೂಪ್ರಿಂಟ್‌ಗಳ (ಪುಟಗಳ ಗುಂಪುಗಳು) ಇಂಪೋರ್ಟ್ ಮತ್ತು ರಿಜಿಸ್ಟರ್. ಡೇಟಾಬೇಸ್ ವಿಳಾಸವನ್ನು ‘ಇನಿಟ್ ಆ್ಯಪ್’ ಆದಮೇಲೆ ಬದಲಿಸಿದರೆ ಡಿಬಿಯನ್ನು ಒದಗಿಸುವ ಲೈಬ್ರರಿಯಾದ ಫ್ಲಾಸ್ಕ್-ಎಸ್‌ಕ್ಯುಎಲ್‌ಆಲ್ಕೆಮಿ 3 ಅದನ್ನು ನೋಡುವುದೇ ಇಲ್ಲ.

ಇಂಪೋರ್ಟ್ ಸಾಲನ್ನು ಫೈಲಿನ ತಳಕ್ಕೆ ತಳ್ಳುವ ಉಪಾಯವೂ ಉಂಟು, ನನಗೆ ಹಿಡಿಸದು. ಆ್ಯಪ್ ಫೈಲನ್ನು ನೇರ ಪೈಥಾನ್ ಕಮಾಂಡಿನಿಂದ ಓಡಿಸಿದರೆ ಅದೇ ಫೈಲು ‘ಮೇನ್’ ಎಂದೊಮ್ಮೆ, ‘ಆ್ಯಪ್’ ಎಂದೊಮ್ಮೆ ಲೋಡ್ ಆಗಿ ಎರಡು ಡಿಬಿ ಹುಟ್ಟಿಕೊಳ್ಳುತ್ತವೆ. ಆಮೇಲೆ ‘ಈ ಆ್ಯಪ್ ರಿಜಿಸ್ಟರ್ ಆಗಿಲ್ಲ’ ಎಂಬ ಹೊಸ ತಕರಾರು.

ಇವಕ್ಕಿಂತ ಹೆಚ್ಚು ಕಾಡುವುದು ಸದ್ದಿಲ್ಲದ ತಪ್ಪು. ಟೇಬಲ್‌ಗಳನ್ನು ಸೃಷ್ಟಿಸುವ ‘ಕ್ರಿಯೇಟ್ ಆಲ್’ ಓಡುತ್ತದೆ, ಎರರ್ ಬರುವುದಿಲ್ಲ, ಆದರೆ ದರದ ಟೇಬಲ್ಲೇ ಇರುವುದಿಲ್ಲ. ಅಷ್ಟರೊಳಗೆ ಮಾಡೆಲ್ಸ್ ಇಂಪೋರ್ಟ್ ಆಗದಿದ್ದರೆ ಯಾವ ಟೇಬಲ್ ಬೇಕೆಂದು ಡಿಬಿಗೆ ಗೊತ್ತಿರುವುದಿಲ್ಲ. ಹಾಗಾಗಿ ಮಾಡೆಲ್ಸ್ ಇಂಪೋರ್ಟ್ ಮಾಡಿ, ಆ್ಯಪ್ ಕಾಂಟೆಕ್ಸ್ಟ್ (ಈಗ ಯಾವ ಆ್ಯಪ್ ಎಂದು ಡಿಬಿಗೆ ತಿಳಿಸುವ ಆವರಣ) ತೆರೆದು, ಅದರೊಳಗೆ ‘ಕ್ರಿಯೇಟ್ ಆಲ್’ ಕರೆಯಿರಿ.