ಗೆದ್ದ ಚೆಸ್ ಆಟ ಟೂರ್ನಮೆಂಟಿನಲ್ಲಿ ಕೈತಪ್ಪುವುದು ಯಾಕೆ?

ಕಾಯಿ ಜಾಸ್ತಿ ಇದ್ದರೂ ಟೂರ್ನಮೆಂಟಿನಲ್ಲಿ ಆಟ ಡ್ರಾ ಆಗುತ್ತದೆ, ಎಂಡ್‌ಗೇಮ್, ಅಂದರೆ ಕಾಯಿ ಕಡಿಮೆಯಾದ ಕೊನೆಯ ಹಂತದ ಆಟ, ಕಲಿಯಬೇಕಾ ಅಂತ ಕೇಳಿದ್ದೀರಿ. ಕಲಿಯಿರಿ, ಒಳ್ಳೆಯದೇ. ಆದರೆ ನಿಮ್ಮ ತೊಂದರೆ ಅದಲ್ಲ ಅಂತ ನನಗನಿಸುತ್ತದೆ.

ನನ್ನದೇ ಒಂದು ಆಟ ಹೇಳುತ್ತೇನೆ. ಸುಮಾರು ನಾಲ್ಕು ಗಂಟೆ ಆಡಿ ಆಗಿತ್ತು. ನನ್ನ ರಾಜ ಜಿ6ರಲ್ಲಿ, ಜೊತೆಗೆ ರಾಣಿ. ಎದುರಿಗಿದ್ದ ಹುಡುಗನ ಹತ್ತಿರ ಬರೀ ರಾಜ, ಅದೂ ಜಿ8ರಲ್ಲಿ. ರಾಣಿಯನ್ನು ಬಿ3ಕ್ಕೆ ತಂದು ಚೆಕ್ ಕೊಟ್ಟೆ. ಅವನಿಗೆ ಉಳಿದದ್ದು ಎರಡೇ ಮನೆ. ಎಫ್8ಕ್ಕೆ ಹೋದರೆ ನನ್ನ ರಾಣಿ ಎಫ್7ಕ್ಕೆ, ಮೇಟ್, ಅಂದರೆ ಚೆಕ್ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಗೆಲುವು ನನ್ನದು. ಎಚ್8ಕ್ಕೆ ಹೋದರೆ ರಾಣಿ ಬಿ8ಕ್ಕೆ, ಅದೂ ಮೇಟ್. ನಾನು ಮಾತ್ರ ಮೊದಲನೆಯದನ್ನೇ ಹಿಡಿದು ಕೂತಿದ್ದೆ, ಅವನು ಯೋಚಿಸುತ್ತಿದ್ದಷ್ಟು ಹೊತ್ತೂ ನನ್ನ ತಲೆಯಲ್ಲಿ ರಾಣಿ ಎಫ್7, ರಾಣಿ ಎಫ್7 ಅಂತಲೇ ಓಡುತ್ತಿತ್ತು. ಅವನು ಎಚ್8ಕ್ಕೆ ಹೋದ. ನಾನು ರಾಣಿಯನ್ನು ಎಫ್7ರಲ್ಲಿ ಇಟ್ಟು ಗಡಿಯಾರ ಒತ್ತಿದೆ.

ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಅಂದರೆ ಆಟ ಡ್ರಾ! ಹುಡುಗ ಬೋರ್ಡ್ ನೋಡಿದ, ನನ್ನ ಮುಖ ನೋಡಿದ, ನಗಬಾರದು ಅಂತ ತುಟಿ ಕಚ್ಚಿಕೊಂಡ. ಅರ್ಧ ಪಾಯಿಂಟ್ ಹೋಯಿತು.

ರಾಣಿ ಇಟ್ಟುಕೊಂಡು ಒಂಟಿ ರಾಜನಿಗೆ ಮೇಟ್ ಮಾಡೋಕೆ ನನಗೆ ಬರಲ್ವಾ? ನಿದ್ದೆಗಣ್ಣಲ್ಲೂ ಮಾಡುತ್ತೇನೆ. ಅವನು ಆಡಿದ ನಡೆಗೆ ನಾನು ಉತ್ತರ ಕೊಡಲಿಲ್ಲ, ಅವನು ಆಡಬಹುದು ಅಂದುಕೊಂಡ ನಡೆಗೆ ಕೊಟ್ಟೆ. ಆನೆ ಹೆಚ್ಚಿದ್ದರೂ ಅಷ್ಟೇ, ಸಿಪಾಯಿ ಹೆಚ್ಚಿದ್ದರೂ ಅಷ್ಟೇ, ಗೆದ್ದಾಯ್ತು ಅನಿಸಿದ ಮೇಲೆ ನಾವು ಎದುರಾಳಿಯ ಕಡೆ ನೋಡುವುದನ್ನೇ ಬಿಡುತ್ತೇವೆ.

ಈಗ ನಾನು ಒಂದೇ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಎದುರಾಳಿ ಆಡಿದ ತಕ್ಷಣ ಅವನ ನಡೆಯನ್ನು ಸ್ಕೋರ್ ಶೀಟಿನಲ್ಲಿ, ಅಂದರೆ ಇಬ್ಬರ ನಡೆಗಳನ್ನೂ ದಾಖಲಿಸುವ ಹಾಳೆಯಲ್ಲಿ, ಬರೆಯುತ್ತೇನೆ, ಆಮೇಲೆಯೇ ಯೋಚನೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ ಅದನ್ನು ಬರೆಯದೆಯೂ ಉತ್ತರ ಆಡಬಹುದು, ನಿಮ್ಮ ಮುಂದಿನ ನಡೆಯೊಳಗೆ ಬರೆದರೆ ಸಾಕು. ಆ ಸಡಿಲಿಕೆಯನ್ನು ಬಳಸಬೇಡಿ. ಎಚ್8 ಅಂತ ಬರೆಯಬೇಕಾದರೆ ಕಣ್ಣು ಎಚ್8ಕ್ಕೆ ಹೋಗಲೇಬೇಕು, ಅಲ್ವಾ? ನಿಮ್ಮ ನಡೆಯನ್ನು ಮಾತ್ರ ಆಡುವ ಮೊದಲೇ ಬರೆಯಬೇಡಿ, ಅದಕ್ಕೆ ಅನುಮತಿ ಇಲ್ಲ. ಇನ್ನು ಕೈ. ಬರೆದು ಮುಗಿಯುವ ತನಕ ಅದನ್ನು ಮೇಜಿನ ಕೆಳಗೇ ಇಡಿ, ಆಡಲೆಂದು ಕಾಯಿ ಮುಟ್ಟಿದರೆ ಅದನ್ನೇ ಆಡಬೇಕು.

ಆ ಆಟದ ಶೀಟ್ ಇನ್ನೂ ನನ್ನ ಹತ್ತಿರ ಇದೆ. ಬಿ3ರ ಚೆಕ್ ಬರೆದಿದ್ದೇನೆ. ಪಕ್ಕದ ಕಾಲಂ ಖಾಲಿ.