ವಾಹನ ವಿಚಾರ: ಹೋಂಡಾದ ಹಳೆಯ ವಿಟೆಕ್ ಇಂಜಿನ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಆಕ್ಲೆಂಡ್‌ನಲ್ಲಿ ನೆಲೆಸಿರುವ ನಾನು ಜಪಾನಿನಿಂದ ಆಮದಾದ 1993ರ ಹೋಂಡಾ ಸಿವಿಕ್ ಎಸ್‌ಐಆರ್ ಕೊಂಡಿದ್ದೇನೆ. ಅದರ ಬಿ16ಎ ಇಂಜಿನ್‌ನ ವಿವರಗಳನ್ನು ತಿಳಿಸುವಿರಾ? ಬಹಳ ಹೊಗಳಿಕೆ ಕೇಳಿದ್ದೆ. ಆದರೆ ಪೇಟೆಯೊಳಗಿನ ಓಡಾಟದಲ್ಲಿ ಅದು ಸಪ್ಪೆಯೆನಿಸುತ್ತದೆ. ಏನಾದರೂ ದೋಷವಿರಬಹುದೇ?

ಉತ್ತರ: ಪೇಟೆಯಲ್ಲಿ ಸಪ್ಪೆಯೆನಿಸುವುದು ದೋಷವಲ್ಲ, ಆ ಇಂಜಿನ್‌ನ ಸ್ವಭಾವ. ಇದು 1595 ಸಿಸಿಯ, ನಾಲ್ಕು ಸಿಲಿಂಡರ್‌ಗಳ, 16 ವಾಲ್ವ್‌ಗಳ, ಎರಡು ಕ್ಯಾಮ್‌ಶಾಫ್ಟ್‌ಗಳ ಇಂಜಿನ್. ಸಿಲಿಂಡರ್‌ನ ವ್ಯಾಸ 81 ಮಿ.ಮೀ., ಸ್ಟ್ರೋಕ್ 77.4 ಮಿ.ಮೀ. 1989ರ ಏಪ್ರಿಲ್‌ನಲ್ಲಿ ಇಂಟೆಗ್ರಾ ಕಾರಿನಲ್ಲಿ ಮೊದಲು ಬಂದಾಗ ಇದರ ಶಕ್ತಿ 7600 ಆರ್‌ಪಿಎಂನಲ್ಲಿ 160 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ) ಇತ್ತು. ನಿಮ್ಮ ಕಾರಿನಲ್ಲಿರುವ ಎರಡನೆಯ ಆವೃತ್ತಿಯಲ್ಲಿ ಅದು 7800 ಆರ್‌ಪಿಎಂನಲ್ಲಿ 170 ಪಿಎಸ್‌ಗೆ ಏರಿತು. ಟರ್ಬೊ ಇಲ್ಲದೆ ಲೀಟರಿಗೆ 100 ಪಿಎಸ್ ಎಂಬುದು ಆ ಕಾಲದ ಮಾರಾಟದ ಕಾರುಗಳಲ್ಲಿ ಅಪರೂಪ. ಇದನ್ನು ರೂಪಿಸಿದ ಹೋಂಡಾ ಇಂಜಿನಿಯರ್ ಇಕುವೊ ಕಜಿತಾನಿಯವರ ತಂಡ ಇದಕ್ಕಿಂತ ಕಡಿಮೆ ಗುರಿಯಿಟ್ಟುಕೊಂಡು ಹೊರಟಿದ್ದಾಗ, ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ನೊಬುಹಿಕೊ ಕವಾಮೊಟೊ ಅವರೇ ಈ ಗುರಿಯನ್ನು ಮುಂದಿಟ್ಟರು.

ಟಾರ್ಕ್ (ತಿರುಗಿಸುವ ಬಲ) ಮಾತ್ರ ಸಾಧಾರಣವೇ: ಸುಮಾರು 16 ಕೆಜಿ-ಮೀಟರ್, ಅದೂ 7300 ಆರ್‌ಪಿಎಂನ ಎತ್ತರದಲ್ಲಿ. ನೀವು ಪೇಟೆಯಲ್ಲಿ ಬಳಸುವುದು ಎರಡರಿಂದ ಮೂರೂವರೆ ಸಾವಿರ ಆರ್‌ಪಿಎಂ. ಅಲ್ಲಿ ಇದು ಯಾವುದೇ 1600 ಸಿಸಿ ಕಾರಿನಂತೆಯೇ ಇರುತ್ತದೆ. ಮೇಲಿನ ವೇಗದ ಗುಟ್ಟು ವಿಟೆಕ್, ಅಂದರೆ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ಬಗೆಯನ್ನು ಬದಲಿಸುವ ವ್ಯವಸ್ಥೆ. ಪ್ರತಿ ಜೋಡಿ ವಾಲ್ವ್‌ಗಳಿಗೆ ಇದರಲ್ಲಿ ಮೂರು ಕ್ಯಾಮ್ ಉಬ್ಬುಗಳೂ ವಾಲ್ವ್ ಒತ್ತುವ ಸನ್ನೆಗಳಾದ ಮೂರು ರಾಕರ್ ಆರ್ಮ್‌ಗಳೂ ಇವೆ. ಕೆಳಗಿನ ವೇಗದಲ್ಲಿ ಅಕ್ಕಪಕ್ಕದ ಎರಡು ಆರ್ಮ್‌ಗಳು ಕೆಲಸ ಮಾಡುತ್ತವೆ. ಎತ್ತರದ ಉಬ್ಬಿನ ಮೇಲೆ ಸಾಗುವ ನಡುವಿನ ಆರ್ಮ್ ವಾಲ್ವ್‌ಗೆ ಸಂಬಂಧವಿಲ್ಲದೆ ಸುಮ್ಮನೆ ಆಡುತ್ತಿರುತ್ತದೆ. ವೇಗ ಐದೂವರೆ ಸಾವಿರದ ಆಸುಪಾಸಿಗೆ ಬಂದಾಗ ಕಂಪ್ಯೂಟರ್ ಒಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಅನ್ನು ತೆರೆಯುತ್ತದೆ, ಆಯಿಲ್‌ನ ಒತ್ತಡ ಸಣ್ಣ ಪಿನ್‌ಗಳನ್ನು ತಳ್ಳಿ ಮೂರೂ ಆರ್ಮ್‌ಗಳನ್ನು ಒಂದಾಗಿ ಬೆಸೆಯುತ್ತದೆ, ಆಗ ವಾಲ್ವ್‌ಗಳು ಹೆಚ್ಚು ಆಳಕ್ಕೂ ಹೆಚ್ಚು ಹೊತ್ತಿಗೂ ತೆರೆದುಕೊಳ್ಳುತ್ತವೆ. ಇಂಜಿನ್‌ನ ದನಿಯೇ ಬದಲಾಗುವುದರಿಂದ ಅದು ನಿಮ್ಮ ಕಿವಿಗೆ ತಪ್ಪುವುದಿಲ್ಲ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ತೆರವಾದ ರಸ್ತೆಯಲ್ಲಿ, ಆರು ಸಾವಿರ ದಾಟಿದರೂ ಆ ಬದಲಾವಣೆ ಆಗದಿದ್ದರೆ ದೋಷವಿದೆಯೆಂದು ತಿಳಿಯಿರಿ. ಮೊದಲು ನೋಡಬೇಕಾದುದು ಆಯಿಲ್‌ನ ಮಟ್ಟ. ಇಡೀ ವ್ಯವಸ್ಥೆ ಆಯಿಲ್‌ನ ಒತ್ತಡದಿಂದಲೇ ನಡೆಯುವ ಕಾರಣ, ಮಟ್ಟ ಇಳಿದರೆ ಮೊದಲು ಕೈಕೊಡುವುದು ಇದೇ. ಅದು ಸರಿಯಿದ್ದರೆ ಡ್ಯಾಶ್‌ಬೋರ್ಡಿನ ಕೆಳಗಿರುವ ಎರಡು ತಂತಿಗಳ ಸರ್ವಿಸ್ ಕನೆಕ್ಟರನ್ನು ತುಂಡು ತಂತಿಯಿಂದ ಜೋಡಿಸಿ, ಚಾವಿ ತಿರುಗಿಸಿ, ಚೆಕ್ ಇಂಜಿನ್ ದೀಪ ಮಿನುಗುವುದನ್ನು ಎಣಿಸಿರಿ. ದೀರ್ಘ ಮಿನುಗು ಹತ್ತರ ಸ್ಥಾನ, ಚಿಕ್ಕದು ಬಿಡಿ ಸ್ಥಾನ. 21 ಬಂದರೆ ವಿಟೆಕ್ ಸೊಲೆನಾಯ್ಡ್‌ನ ವಿದ್ಯುತ್ ಮಾರ್ಗ, 22 ಬಂದರೆ ಒತ್ತಡದ ಸ್ವಿಚ್. ಹೊಸ ಸೊಲೆನಾಯ್ಡ್ ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿ ಅದರ ಗ್ಯಾಸ್ಕೆಟ್‌ಗೆ ಅಂಟಿಕೊಂಡ ಪುಟ್ಟ ಜಾಲರಿಯನ್ನು ನೋಡಿರಿ. ಆಯಿಲ್ ಬದಲಿಸದೆ ಓಡಿಸಿದ ಕಾರುಗಳಲ್ಲಿ ಅದು ಕಪ್ಪು ಜಿಡ್ಡಿನಿಂದ ಮುಚ್ಚಿಹೋಗಿರುತ್ತದೆ.

ಪ್ರಶ್ನೆ: ಇದೇ ಇಂಜಿನ್‌ನ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದರೆಂಬ ದಾಖಲೆ ನನ್ನ ಬಳಿ ಇಲ್ಲ. ಕಾರು ಚೆನ್ನಾಗಿಯೇ ಓಡುತ್ತಿದೆ. ಕಾಯಬಹುದೇ?

ಉತ್ತರ: ಕಾಯಬೇಡಿರಿ. ದಾಖಲೆ ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ. ಜಪಾನಿನಲ್ಲಿ 1 ಲಕ್ಷ ಕಿಲೋಮೀಟರ್‌ಗೆ ಬದಲಿಸುವುದು ರೂಢಿ. ಆದರೆ ಮೂವತ್ತು ವರ್ಷ ಹಳೆಯ ಕಾರಿನಲ್ಲಿ ಕಿಲೋಮೀಟರಿಗಿಂತ ವರ್ಷಗಳ ಲೆಕ್ಕವೇ ಮುಖ್ಯ, ಏಕೆಂದರೆ ನಿಂತಲ್ಲೇ ನಿಂತ ಕಾರಿನಲ್ಲೂ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಬಿ16ಎಯಲ್ಲಿ ಬೆಲ್ಟ್ ತುಂಡಾದರೆ ತೆರೆದ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಬೆಲ್ಟ್‌ನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಸಿಲಿಂಡರ್ ಹೆಡ್‌ನ ದುರಸ್ತಿಯಾಗುತ್ತದೆ.

ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟ್‌ನಿಂದ. ಹಾಗಾಗಿ ಪಂಪ್, ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್‌ಗಳ ಮುಂಭಾಗದ ಆಯಿಲ್ ಸೀಲ್‌ಗಳನ್ನು ಒಟ್ಟಿಗೇ ಬದಲಿಸಿರಿ. ಕೆಲಸ ಮಾಡುವವರಿಗೆ ಒಂದು ವಿಷಯವನ್ನು ಮುಂಚಿತವಾಗಿ ಹೇಳಿರಿ: ಇತರ ಬಹುತೇಕ ಕಾರುಗಳಿಗೆ ವಿರುದ್ಧವಾಗಿ, ಈ ಇಂಜಿನ್ ಕ್ರ್ಯಾಂಕ್ ಪುಲ್ಲಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಟೆನ್ಷನರ್‌ನ ಬೋಲ್ಟ್ ಸಡಿಲಿಸಿ, ಕ್ಯಾಮ್ ಪುಲ್ಲಿಯ ಮೂರು ಹಲ್ಲುಗಳಷ್ಟು ಕ್ರ್ಯಾಂಕನ್ನು ಅದೇ ದಿಕ್ಕಿಗೆ ತಿರುಗಿಸಿ, ಬಳಿಕ ಬೋಲ್ಟ್ ಬಿಗಿ ಮಾಡುವುದು ಸರಿಯಾದ ಕ್ರಮ. ಬೆರಳಿನಿಂದ ಒತ್ತಿ ಅಂದಾಜಿನ ಮೇಲೆ ಬಿಗಿ ಮಾಡಿದ ಬೆಲ್ಟ್ ಒಂದೋ ಕೀರಲು ದನಿ ಮಾಡುತ್ತದೆ, ಇಲ್ಲವೇ ಹಲ್ಲು ಹಾರುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ 177 ನ್ಯೂಟನ್-ಮೀಟರ್ ಬಿಗಿ ಬೇಕು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿರಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ 2000ದ ಸಿವಿಕ್ ಎಸ್‌ಐ ಕಾರಿನ ಇಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಸದ್ದು ಮಾಡುತ್ತದೆ. ಆಯಿಲ್ ಕೂಡ ಸ್ವಲ್ಪ ಕಡಿಮೆಯಾಗುತ್ತಿದೆ. ಇಂಜಿನ್ ಬಿಚ್ಚಿಸಬೇಕೇ?

ಉತ್ತರ: ಅಷ್ಟು ದೂರ ಹೋಗುವ ಮೊದಲು ಟ್ಯಾಪೆಟ್ ಅಂತರ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು) ನೋಡಿಸಿರಿ. ಅಮೆರಿಕದಲ್ಲಿ 1999 ಮತ್ತು 2000ದಲ್ಲಿ ಮಾರಾಟವಾದ ಆ ಕಾರಿನ ಬಿ16ಎ2 ಇಂಜಿನ್‌ನಲ್ಲಿ ಅಂತರವನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ. ಅಂತರವನ್ನು ಫೀಲರ್ ಗೇಜ್ ಇಟ್ಟು ಕೈಯಿಂದಲೇ ಹೊಂದಿಸಬೇಕು. ಇಂಜಿನ್ ಪೂರ್ಣ ತಣ್ಣಗಿರುವಾಗ ಇನ್‌ಟೇಕ್ ವಾಲ್ವ್‌ಗೆ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್‌ಗೆ 0.17ರಿಂದ 0.21 ಮಿ.ಮೀ. ಅಂತರವಿರಬೇಕು. ಸದ್ದು ಪೂರಾ ಅಡಗಲೆಂದು ಇದಕ್ಕಿಂತ ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸಣ್ಣ ಸದ್ದಿರುವ ಇಂಜಿನ್ನೇ ಲೇಸು. ಕವರ್ ತೆಗೆದಾಗಲೇ ನಡುವಿನ ರಾಕರ್ ಆರ್ಮ್‌ಗಳನ್ನು ಬೆರಳಿನಿಂದ ಒತ್ತಿ, ಅವು ಸರಾಗವಾಗಿ ಆಡುತ್ತವೆಯೇ ಎಂದೂ ನೋಡಿಸಿರಿ.

ಆಯಿಲ್ ವಿಷಯಕ್ಕೆ ಬಂದರೆ, ಸಿಲಿಂಡರ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಬುಡ ಮತ್ತು ವಿಟೆಕ್ ಸೊಲೆನಾಯ್ಡ್‌ನ ಸುತ್ತ ಜಿನುಗಿದೆಯೇ ಎಂದು ಮೊದಲು ಒರೆಸಿ ಪರೀಕ್ಷಿಸಿರಿ. ಅಲ್ಲಿನ ರಬ್ಬರ್ ರಿಂಗ್ ಮತ್ತು ಗ್ಯಾಸ್ಕೆಟ್‌ಗಳು ಗಡುಸಾಗುವುದು ಸಾಮಾನ್ಯ. ಸೋರಿಕೆಯಿಲ್ಲದಿದ್ದರೆ ಹೊಗೆಯನ್ನು ಗಮನಿಸಿರಿ. ವೇಗ ತಗ್ಗಿಸಿ ಮತ್ತೆ ಆಕ್ಸಲರೇಟರ್ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಎಳೆದು ಓಡಿಸುವಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗ್. ಕಂಪ್ರೆಷನ್ ಪರೀಕ್ಷೆಯಲ್ಲಿ ಯಾವ ಸಿಲಿಂಡರೂ 135 ಪಿಎಸ್‌ಐಗಿಂತ ಕೆಳಗಿರಬಾರದು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ 28 ಪಿಎಸ್‌ಐ ಮೀರಬಾರದು. ಫಿಲ್ಟರ್ ಸಮೇತ ಬದಲಿಸುವಾಗ ಹಿಡಿಸುವ ಆಯಿಲ್ 4 ಲೀಟರ್. ಒಂದು ಲೀಟರ್ ತಗ್ಗಿದರೆ ಕಾಲು ಭಾಗವೇ ಹೋದಂತೆ. ಎಂಟು ಸಾವಿರ ಆರ್‌ಪಿಎಂಗೆಂದೇ ಕಟ್ಟಿದ ಇಂಜಿನ್ ಆ ವೇಗದಿಂದ ಕೆಡುವುದಕ್ಕಿಂತ ಹೆಚ್ಚಾಗಿ, ಕಡಿಮೆ ಆಯಿಲ್‌ನಲ್ಲಿ ಆ ವೇಗಕ್ಕೆ ಹೋಗುವುದರಿಂದ ಕೆಡುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಬಳಿ ಹಳೆಯ ಹೋಂಡಾ ಸಿಟಿ 1.5 ವಿಟೆಕ್ ಇದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ಆಗುವುದಿಲ್ಲ. ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಬದಲಿಸಿದರೂ ತೊಂದರೆ ಹಾಗೆಯೇ ಉಳಿದಿದೆ. ಇದೂ ಬಿ16ಎ ಇಂಜಿನ್ನೇ?

ಉತ್ತರ: ಅಲ್ಲ. ನಿಮ್ಮದು 106 ಬಿಎಚ್‌ಪಿಯ, ಒಂದೇ ಕ್ಯಾಮ್‌ಶಾಫ್ಟ್‌ನ ಇಂಜಿನ್. ಅದರಲ್ಲಿ ವಿಟೆಕ್ ಇನ್‌ಟೇಕ್ ವಾಲ್ವ್‌ಗಳಿಗೆ ಮಾತ್ರ. ಆದರೆ ನೀವು ಹೇಳಿದ ಲಕ್ಷಣ ತೊಂಬತ್ತರ ದಶಕದ ಹೋಂಡಾಗಳಲ್ಲಿ ಚಿರಪರಿಚಿತ, ನನ್ನ ಅನುಮಾನ ಪೆಟ್ರೋಲ್ ಪಂಪ್‌ಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಮೇನ್ ರಿಲೇ ಮೇಲಿದೆ. ಆ ಡಬ್ಬಿಯೊಳಗಿನ ಬೆಸುಗೆಗಳು ವರ್ಷಗಳ ಬಿಸಿಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರುಕು ಬಿಡುತ್ತವೆ, ಕ್ಯಾಬಿನ್ ಕಾದಾಗ ಸಂಪರ್ಕ ತಪ್ಪುತ್ತದೆ, ಪಂಪ್‌ಗೆ ವಿದ್ಯುತ್ ಹೋಗುವುದಿಲ್ಲ. ಸಂಜೆ ತಂಪಾದಾಗ ಎಲ್ಲವೂ ಸರಿಯಾಗಿ, ಮೆಕ್ಯಾನಿಕ್ ಮುಂದೆ ಕಾರು ಸುಳ್ಳು ಹೇಳಿದಂತಾಗುತ್ತದೆ. ಸ್ಟಾರ್ಟ್ ಆಗದ ಹೊತ್ತಿನಲ್ಲೇ ಚಾವಿಯನ್ನು ಆನ್ ಸ್ಥಾನಕ್ಕೆ ತಂದು ಕಿವಿಗೊಡಿರಿ. ಹಿಂಬದಿಯಿಂದ ಸುಮಾರು ಎರಡು ಸೆಕೆಂಡು ಪಂಪ್‌ನ ಗುಂಯ್ ಸದ್ದು ಕೇಳದಿದ್ದರೆ ರಿಲೇ ಬಿಚ್ಚಿ ಬೆಸುಗೆಗಳನ್ನು ಹೊಸದಾಗಿ ಹಾಕಿಸಿರಿ, ಟಿ.ವಿ. ರಿಪೇರಿ ಮಾಡುವವರೂ ಇದನ್ನು ಮಾಡಿಕೊಡಬಲ್ಲರು. ಸದ್ದು ಬಂದರೂ ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರ್‌ನೊಳಗಿನ ಇಗ್ನೈಟರ್ ಮತ್ತು ಕಾಯಿಲ್ ಪರೀಕ್ಷೆಯಾಗಲಿ, ಬಿಸಿಗೆ ಕೈಕೊಡುವುದರಲ್ಲಿ ಅವೂ ಕಡಿಮೆಯಲ್ಲ.

ಪ್ರಶ್ನೆ: ಬಿ16ಎ ಇಂಜಿನ್‌ಗೆ ಟರ್ಬೊ ಹಾಕಿಸುವುದು ಒಳ್ಳೆಯದೇ?

ಉತ್ತರ: ಹಾಕಿಸುವವರಿದ್ದಾರೆ, ನನ್ನ ಸಲಹೆ ಬೇಡವೆಂದೇ. 10.2 ಮತ್ತು ಅದಕ್ಕೂ ಮೇಲಿನ ಕಂಪ್ರೆಷನ್ ಅನುಪಾತವಿರುವ ಹಳೆಯ ಇಂಜಿನ್‌ಗೆ ಒತ್ತಡದ ಗಾಳಿ ತುಂಬಿದರೆ, ಟ್ಯೂನಿಂಗ್‌ನಲ್ಲಿ ಚೂರು ಎಡವಿದರೂ ನಾಕಿಂಗ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯುತ್ತದೆ. ಆ ಹಣದಲ್ಲಿ ಮೊದಲು ರೇಡಿಯೇಟರ್, ಹೋಸ್‌ಗಳು ಮತ್ತು ಡಿಸ್ಟ್ರಿಬ್ಯೂಟರ್ ಹೊಸದಾಗಲಿ.