ಲಿನೋಕಟ್‌ನಲ್ಲಿ ಕಪ್ಪು ಜನರ ಮುಖ ಮಸಿಮುದ್ದೆಯಾಗದಂತೆ ಕೊರೆಯುವುದು ಹೇಗೆ?

ಬಾಲ್ಟಿಮೋರ್‌ನ ನಿಮ್ಮ ಬೀದಿಯಲ್ಲಿ ತೀರಿಕೊಂಡ ಕಪ್ಪು ಜನರ ನೆನಪಿಗೆ ನೆರೆಯವರೆಲ್ಲ ಸೇರಿ ಲಿನೋ ಮುದ್ರಣ ಮಾಡಹೊರಟಿದ್ದೀರಿ, ಆದರೆ ಮುಖ ಒಂದೋ ಬರೀ ಮಸಿಯಾಗುತ್ತದೆ, ಇಲ್ಲವೇ ಬಿಳಿಚಿಕೊಳ್ಳುತ್ತದೆ ಎಂದಿದ್ದೀರಿ. ಲಿನೋ ಎಂಬ ಮೆತ್ತನೆಯ ಹಾಳೆಯನ್ನು ಕೊರೆದು, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವ ಈ ಮುದ್ರಣದಲ್ಲಿ ಕೊರೆದ ಜಾಗ ಬಿಳಿಯಾಗಿ, ಕೊರೆಯದ್ದು ಕಪ್ಪಾಗಿ ಮೂಡುತ್ತದೆ.

ಚಾಕು ಹಿಡಿಯುವ ಮೊದಲು ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ ಅವರ 1952ರ ಲಿನೋಕಟ್ ‘ಶೇರ್‌ಕ್ರಾಪರ್’ (ಪಾಲಿಗೆ ದುಡಿಯುವ ರೈತ) ನೋಡಿ. ಅಗಲ ಹುಲ್ಲಿನ ಟೋಪಿ, ಪಿನ್ನು ಹಾಕಿದ ಅಂಗಿ, ದುಡಿದ ಹೆಣ್ಣಿನ ಮುಖ. ಆ ಮುಖದ ಕಪ್ಪನ್ನು ಅವರು ತೆಗೆದುಹಾಕಿಲ್ಲ. ಅದರ ಮೇಲೆ ಬಿದ್ದ ಬೆಳಕನ್ನಷ್ಟೇ ಸಣ್ಣ ಗೀರುಗಳಲ್ಲಿ ಕೊರೆದಿದ್ದಾರೆ. ನೀವು ಮಾಡಬೇಕಾದದ್ದೂ ಅದೇ.

ಫೋನಿನಲ್ಲಿ ಫೋಟೋವನ್ನು ಬೂದು ಛಾಯೆಯಿಲ್ಲದ ಬರೀ ಕಪ್ಪು-ಬಿಳುಪಿಗೆ ಇಳಿಸಿ ನಕಲು ಮಾಡಬೇಡಿ. ನಡುವಿನ ಛಾಯೆಗಳೆಲ್ಲ ಅಲ್ಲೇ ಸತ್ತುಹೋಗುತ್ತವೆ. ಇಡೀ ಮುಖವನ್ನು ಕೊರೆಯದೆ ಬಿಟ್ಟು, ಹಣೆ, ಮೂಗಿನ ದಿಂಡು, ಕೆನ್ನೆಯ ಮೂಳೆ, ಕೆಳದುಟಿ, ಗಲ್ಲ, ಇಷ್ಟರಲ್ಲಿ ಬೆಳಕು ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತಿಸಿ. 1 ಮಿ.ಮೀ. ವಿ-ಉಳಿಯಿಂದ (V ಆಕಾರದ ಮೊನೆಯ ಉಳಿ) ಮುಖದ ಉಬ್ಬುತಗ್ಗನ್ನು ಅನುಸರಿಸಿ ಗೀರಿ: ಬೆಳಕಿನಲ್ಲಿ ಒತ್ತೊತ್ತಾಗಿ, ನೆರಳಿನತ್ತ ವಿರಳವಾಗಿ, ತುದಿ ಸಪೂರವಾಗುವಂತೆ. ಕಣ್ಣಿನ ಬಿಳಿಯನ್ನು ಪೂರ್ತಿ ತೋಡಿದರೆ ಮನುಷ್ಯ ಬೆಚ್ಚಿದಂತೆ ಕಾಣುತ್ತಾನೆ; ಒಂದೆರಡು ಗೀರು ಸಾಕು. ಹಿನ್ನೆಲೆಯೂ ಕಪ್ಪಿದ್ದರೆ ತಲೆಯ ಅಂಚಿಗೆ ತೆಳು ಬೆಳಕಿನ ಗೆರೆ ಬೇಕೇ ಬೇಕು.

ಲಿನೋ 3.2 ಮಿ.ಮೀ. ದಪ್ಪದ್ದಿರಲಿ. ತಣ್ಣಗಿದ್ದರೆ ಪುಡಿಯಾಗುತ್ತದೆ, ಹೇರ್‌ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಳ್ಳಿ. ಲಿನೋವನ್ನು ಹಿಡಿದ ಕೈ ಸದಾ ಉಳಿಯ ಮೊನೆಯ ಹಿಂದೆ ಇರಲಿ. ಮುದ್ರಿಸಿದಾಗ ಎಡಬಲ ಅದಲುಬದಲಾಗುವುದರಿಂದ ಹೆಸರುಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆದೇ ಕೊರೆಯಿರಿ.

ನನ್ನ ಮಟ್ಟಿಗೆ ಹೆಚ್ಚು ಮುದ್ರಣ ಕೆಡುವುದು ಶಾಯಿ ಹಚ್ಚುವಾಗ. ರೋಲರ್ ಉರುಳಿಸಿದರೆ ಸಣ್ಣಗೆ ಚರಚರ ಅನ್ನಬೇಕು. ಕಿತ್ತಳೆ ಸಿಪ್ಪೆಯಂತೆ ತರಿತರಿ ಕಂಡರೆ ಶಾಯಿ ಜಾಸ್ತಿ. ಆ ಸೂಕ್ಷ್ಮ ಗೀರುಗಳೆಲ್ಲ ತುಂಬಿ ಮತ್ತೆ ಮಸಿಮುದ್ದೆ. ನೀರಿನ ಶಾಯಿ ಬಯಲಲ್ಲಿ ಬೇಗ ಒಣಗುತ್ತದೆ. ಸಾಬೂನಿನಿಂದ ತೊಳೆಯಬಹುದಾದ ಎಣ್ಣೆ ಶಾಯಿ ಒಳ್ಳೆಯದು, ಆದರೆ ಪ್ರತಿಗಳು ಒಣಗಲು ಕೆಲವು ದಿನ ಕೊಡಿ. ಮೊದಲ ಎರಡು ಮೂರು ಪ್ರತಿ ಮಂಕಾಗಿ ಬರುವುದು ಸಹಜ. ಪ್ರೆಸ್ ಇಲ್ಲದಿದ್ದರೆ ತೆಳು ಕಾಗದ ಹಾಸಿ ಮರದ ಚಮಚದ ಬೆನ್ನಿನಿಂದ ಉಜ್ಜಿ.

ಒಟ್ಟು ಚಿತ್ರಕ್ಕೆ ಮನೆಗೊಂದು 15 ಸೆಂ.ಮೀ. ಚೌಕ ಕೊಡಿ, 12 ಚೌಕ ಜೋಡಿಸಿದರೆ 45×60 ಸೆಂ.ಮೀ. ಎಲ್ಲವನ್ನೂ ಒಂದೇ ಸುರುಳಿಯಿಂದ ಕತ್ತರಿಸಿ, ದಪ್ಪ ಕೊಂಚ ಕಡಿಮೆಯಾದ ಚೌಕ ಸರಿಯಾಗಿ ಮೂಡುವುದಿಲ್ಲ. ಪುಟ್ಟ ಮಕ್ಕಳಿಗೆ ಉಳಿ ಬೇಡ, ರೋಲರ್ ಕೊಡಿ.

ಯಾರ ಮುಖ ಕೊರೆಯುವಿರೋ ಅವರ ಮನೆಯವರನ್ನು ಮೊದಲೇ ಕೇಳಿ, ಫೋಟೋವನ್ನು ಅವರೇ ಆರಿಸಲಿ. ಪೊಲೀಸರು ತೆಗೆದ ಚಿತ್ರ ಖಂಡಿತ ಬೇಡ. ಪರೀಕ್ಷಾ ಪ್ರತಿಯನ್ನು ಅವರಿಗೆ ತೋರಿಸುವವರೆಗೆ ಕೊನೆಯ ಗೀರುಗಳನ್ನು ಹಾಕದೆ ಬಿಡಿ: ಲಿನೋದಲ್ಲಿ ಕೊರೆದದ್ದನ್ನು ಮತ್ತೆ ತುಂಬಲಾಗದು.